ಇನ್ನೂರು ಗಂಟೆಗಳ ಲೆಕ್ಕ

"ಸಾರ್, ನಮ್ಮ ಹುಡುಗ ಪೈಲಟ್ ಆಗ್ತೀನಿ ಅಂತಾನೆ. ಎಷ್ಟು ವರ್ಷದ ಕೋರ್ಸು?" ಜಗಳೂರಿನ ರೈತರೊಬ್ಬರು ಈಚೆಗೆ ಕೇಳಿದರು. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ಮಕ್ಕಳೂ ಇದನ್ನೇ ಕೇಳುತ್ತಾರೆ. ಆದರೆ ಈ ವಿದ್ಯೆಯನ್ನು ಅಳೆಯುವುದು ವರ್ಷಗಳಲ್ಲಲ್ಲ, ಗಂಟೆಗಳಲ್ಲಿ.

ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 18 ವರ್ಷ ತುಂಬಿರಬೇಕು. ವೈದ್ಯಕೀಯ ಮತ್ತು ಲಿಖಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಜೊತೆಗೆ 200 ಗಂಟೆ ಹಾರಿರಬೇಕು. ಇದರಲ್ಲಿ ಕನಿಷ್ಠ 100 ಗಂಟೆ ವಿಮಾನದ ಪೂರ್ಣ ಹೊಣೆ ಹೊತ್ತು ಹಾರಿದ್ದಾಗಿರಬೇಕು. ಹಾಗೆ ಹೊಣೆ ಹೊತ್ತೇ 20 ಗಂಟೆ ಊರಿಂದೂರಿಗೆ ಹಾರಬೇಕು. ಒಂದು ಪಯಣವಂತೂ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರ್ ಇದ್ದು, ದಾರಿಯಲ್ಲಿ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿಯಬೇಕು. ರಾತ್ರಿ ಹಾರಾಟ 5 ಗಂಟೆ. ಉಪಕರಣಗಳನ್ನಷ್ಟೇ ನಂಬಿ ಹಾರುವುದು 10 ಗಂಟೆ.

ಉಪಕರಣಗಳನ್ನೇ ಏಕೆ ನಂಬಬೇಕು? ನಮ್ಮ ಒಳಕಿವಿಯ ದ್ರವ ಸಮತೋಲನದ ಸುಳಿವು ಕೊಡುತ್ತದೆ. ಮೋಡದೊಳಗೆ ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ಆ ದ್ರವ ಶಾಂತವಾಗಿ, ನೆಟ್ಟಗೆ ಹೋಗುತ್ತಿದ್ದೇವೆ ಎನಿಸುತ್ತದೆ. ಆಗ ದೇಹ ಹೇಳುವುದು ಸುಳ್ಳು, ಮುಳ್ಳು ತೋರಿಸುವುದು ನಿಜ.

ಪ್ರತಿ ಹಾರಾಟವನ್ನೂ ಲಾಗ್‌ಬುಕ್‌ನಲ್ಲಿ ಬರೆಯಬೇಕು: ದಿನಾಂಕ, ವಿಮಾನ, ಹೊರಟ ಮತ್ತು ಇಳಿದ ಸ್ಥಳ, ಹಾರಿದ ಸಮಯ. ಹಾರಲೆಂದು ವಿಮಾನ ತನ್ನ ಶಕ್ತಿಯಿಂದ ಕದಲಿದ ಕ್ಷಣದಿಂದ, ಇಳಿದು ಪೂರ್ತಿ ನಿಲ್ಲುವವರೆಗಿನ ಸಮಯ ಲೆಕ್ಕಕ್ಕೆ ಬರುತ್ತದೆ.

ಪ್ರಯೋಗಾಲಯದಲ್ಲಿ ಲೋಲಕ ತೂಗದೆಯೇ ಪಕ್ಕದವನ ರೆಕಾರ್ಡ್ ನೋಡಿ ರೀಡಿಂಗ್ ಬರೆಯುವ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಅಲ್ಲಿ ಹೋಗುವುದು ಒಂದೆರಡು ಅಂಕ. ಇಲ್ಲಿ? 2011ರಲ್ಲಿ ನಕಲಿ ಅಂಕಪಟ್ಟಿ ತೋರಿಸಿ ಪರವಾನಗಿ ಪಡೆದ ಪೈಲಟ್‌ಗಳ ಬಂಧನವಾಯಿತು. ಹಾರದ ಗಂಟೆಗಳನ್ನು ಹಾರಿದ್ದೆಂದು ಬರೆದ ಪ್ರಕರಣಗಳೂ ಬಯಲಾದವು. ಅಂಥವರ ಹಿಂದೆ ಕೂರುವವರು ನಾವೇ ಅಲ್ಲವೇ?

ತಂದೆತಾಯಿಗಳೇ, ಖರ್ಚು ಹಲವು ಲಕ್ಷಗಳದ್ದು. ಹೊಲ, ತೋಟ ಅಡವಿಡುವ ಮುನ್ನ ಮಗ ಅಥವಾ ಮಗಳಿಗೆ ಪ್ರಥಮ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಿ. ಬೆಂಗಳೂರಿನ ಜಕ್ಕೂರಿರಲಿ, ಬೇರೆ ಊರಿರಲಿ, ಶಾಲೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು? ಬೋಧಕರೆಷ್ಟು? ಕಳೆದ ತಿಂಗಳು ಒಬ್ಬ ವಿದ್ಯಾರ್ಥಿ ಎಷ್ಟು ಗಂಟೆ ಹಾರಿದ? ಪರವಾನಗಿ ಸಿಕ್ಕಿತೆಂದರೆ ನೌಕರಿ ಸಿಕ್ಕಿತು ಎಂದಲ್ಲ ಎಂಬುದೂ ನೆನಪಿರಲಿ.

ಜಗಳೂರಿನ ಆ ರೈತರಿಗೆ ಇಷ್ಟನ್ನೂ ಹೇಳಿದೆ. ಅವರು ಯೋಚಿಸಿ, "ಹಂಗಾರೆ ಮೊದ್ಲು ಅವನ ಪ್ರಾಕ್ಟಿಕಲ್ ರೆಕಾರ್ಡ್ ನೋಡ್ತೀನಿ ಬಿಡಿ ಸಾರ್" ಎಂದರು.