ತೆನೆಹಬ್ಬದ ಮಕ್ಕಳೊಡನೆ

ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ. ಮಂಗಳೂರು ಸೀಮೆಯ ಕೊಂಕಣಿ ಕ್ಯಾಥೊಲಿಕರಿಗೆ ಅದೇ ತೆನೆಹಬ್ಬವೂ ಹೌದು. ಮನೆಮಾತಿನಲ್ಲಿ ‘ಮೊಂತಿ ಫೆಸ್ತ್’. ಫರಂಗಿಪೇಟೆಯ ಗುಡ್ಡದ ಮೇಲಿನ ಇಗರ್ಜಿಯಲ್ಲಿ 1763ರಲ್ಲಿ ಜೋಕಿಂ ಮಿರಾಂದಾ ಎಂಬ ಗುರುಗಳು ಇದನ್ನು ಆರಂಭಿಸಿದರೆಂಬುದು ಹಿರಿಯರಿಂದ ಕೇಳಿಬಂದ ಮಾತು. ಹಬ್ಬಕ್ಕೆ ಮುಂಚೆ, ಆಗಸ್ಟ್ 30ರಿಂದ ಒಂಬತ್ತು ದಿನ, ಮಕ್ಕಳು ಹೂಗಳನ್ನು ತಂದು ಬಾಲೆ ಮರಿಯಮ್ಮನ ವಿಗ್ರಹಕ್ಕೆ ಎರಚುವರು. ಆ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಕಳೆದ ವರ್ಷ ನನ್ನ ಪಾಲಿಗೆ ಬಂದಿತು.

ನಾನಾಗಿ ಬಯಸಿ ಹೋದವಳಲ್ಲ. ನಮ್ಮ ಯಜಮಾನರು ತೀರಿಕೊಂಡು ಆಗಿನ್ನೂ ಐದು ತಿಂಗಳು. ಮಗಳು ಮುಂಬಯಿಯಲ್ಲಿ. “ನೀವು ಟೀಚರಾಗಿದ್ದವರು, ಮಕ್ಕಳು ನಿಮ್ಮ ಮಾತು ಕೇಳುತ್ತಾರೆ” ಎಂದು ಗುರುಗಳು ಹೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ, ಅಷ್ಟೆ.

ಮಕ್ಕಳು ಮಾತು ಕೇಳುವರೆಂಬುದು ಶುದ್ಧ ಸುಳ್ಳು! ಹೊರಗೆ ಬಿಡದೆ ಸುರಿಯುವ ಮಳೆ. ಒಳಗೆ ತೊಯ್ದ ಕೊಡೆಗಳ ರಾಶಿ. ದಾಸವಾಳ, ಕೇಪುಳ, ಕರ್ಣಕುಂಡಲ ತುಂಬಿದ ತಟ್ಟೆಗಳು. ಒಬ್ಬನ ತಟ್ಟೆಯ ಹೂ ಇನ್ನೊಬ್ಬಳ ತಲೆಯ ಮೇಲೆ. ಬಾಡಿಗೆಯ ಫ್ಲಾಟಿನಲ್ಲಿರುವ ಮಕ್ಕಳಿಗೆ ಹೂವಿನ ಗಿಡವೆಲ್ಲಿ? ಅವರು ನೆರೆಹೊರೆಯವರ ಬೇಲಿಯಿಂದ ಬೇಡಿಯೋ ಬೇಡದೆಯೋ ತಂದಿರುತ್ತಿದ್ದರು. ನಾನು ವಿಚಾರಿಸಲು ಹೋಗಲಿಲ್ಲ.

ಐದನೆಯ ದಿನ, ಗದ್ದಲವಡಗಿಸುವ ಉಪಾಯವಾಗಿ, ಯಾವುದಕ್ಕಾಗಿ ದೇವರಿಗೆ ಉಪಕಾರ ಹೇಳುವಿರಿ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಕಳೆದುಹೋದ ನಾಯಿ ಮರಳಿ ಬಂದುದಕ್ಕೆ ಎಂದಳೊಬ್ಬಳು. ಮಳೆಗಾಗಿ ಶಾಲೆಗೆ ರಜೆ ಕೊಟ್ಟುದಕ್ಕೆ ಎಂದರು ನಾಲ್ವರು. ಮುಂದಿನ ಹಲ್ಲೆರಡೂ ಬಿದ್ದ ಹುಡುಗನೊಬ್ಬ ಬಹಳ ಯೋಚಿಸಿ, “ನೀವು ಯಾವುದಕ್ಕೆ ಹೇಳುತ್ತೀರಿ ಟೀಚರ್?” ಎಂದ.

ಐದು ತಿಂಗಳಿಂದ ನಾನು ಹೋದುದನ್ನು ಮಾತ್ರ ಲೆಕ್ಕ ಹಾಕುತ್ತಿದ್ದೆ. “ನಾಳೆ ಹೇಳುವೆ” ಎಂದೆ. ಅವನು ಮರೆಯುವವನಲ್ಲ, ದಿನವೂ ಕೇಳಿದ. ದಿನವೂ ನಾಳೆ ಎಂದೆ.

ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚಿದರು. ಹೂ ತಂದ ಮಕ್ಕಳಿಗೆ ಕಬ್ಬು. ಅಂದಿನ ಊಟ ಬಾಳೆಯೆಲೆಯ ಮೇಲೆ, ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳೊಡನೆ. ಮೀನಿಲ್ಲದೆ ತುತ್ತಿಳಿಯದ ನಮ್ಮವರ ಸಂಯಮವನ್ನು ಅಂದು ನೋಡಬೇಕು! ಊಟಕ್ಕೆ ಮುನ್ನ ಹೊಸ ಅಕ್ಕಿಯ ಕಾಳುಗಳನ್ನು ಹಾಲಿಗೆ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಕೊಡುವರು. ನಮ್ಮಲ್ಲಿ ನಲವತ್ತೊಂದು ವರ್ಷ ಅವರೇ ಕೊಟ್ಟಿದ್ದರು. ಈ ಸಲ ಲೋಟ ಹಿಡಿದು ಬಹಳ ಹೊತ್ತು ಕುಳಿತಿದ್ದೆ.

ಊರಲ್ಲಿಲ್ಲದ ಮನೆಯವರಿಗೆ ಕಾಳುಗಳನ್ನು ಅಂಚೆಯಲ್ಲಿ ಕಳಿಸುವ ವಾಡಿಕೆಯುಂಟು. ಲಕೋಟೆಗಾಗಿ ಅವರ ಮೇಜಿನ ಖಾನೆ ತೆರೆದೆ. ಮಗಳ ವಿಳಾಸ ಬರೆದ ಲಕೋಟೆಯೊಂದು ಅಲ್ಲಿತ್ತು. ಅವರದೇ ದುಂಡು ಅಕ್ಷರ. ಹಿಂದಿನ ವರ್ಷ ಒಂದರ ಬದಲು ಎರಡು ಬರೆದಿಟ್ಟಿದ್ದರೆಂದು ತೋರುತ್ತದೆ. ಎಲ್ಲದರಲ್ಲಿಯೂ ಅವರಿಗೆ ಆ ಮುಂದಾಲೋಚನೆ. ಏಳು ಕಾಳುಗಳನ್ನು ಹಾಕಿ ಅಂಟಿಸಿದೆ. ಆಮೇಲೆ ಹಾಲು ಕುಡಿದೆ.

ಮರುವಾರ ಇಗರ್ಜಿಯಂಗಳದಲ್ಲಿ ಹುಡುಗ ಎದುರಾದ. ಈ ಬಾರಿ ಅವನು ಕೇಳುವ ಮುನ್ನವೇ ನಾನು ಹೇಳಿದೆ.

“ಒಂದು ಲಕೋಟೆಗಾ?” ಎಂದು ಅವನು ನಕ್ಕುಬಿಟ್ಟ.