ಸುದ್ದಿ ಮನೆ ಮುಟ್ಟಬೇಕು: ಚರ್ಚಿನ ಏರ್ಪಾಡಿನಿಂದ ನಮಗೊಂದು ಪಾಠ



ಯಾವ ಸಹಕಾರ ಸಂಘದ ಕಚೇರಿಯಲ್ಲಾದರೂ ಆಗಾಗ ಕೇಳಿಬರುವ ಮಾತೊಂದುಂಟು: “ನಮಗೆ ವಿಷಯವೇ ಗೊತ್ತಾಗಲಿಲ್ಲ.” ಅಡಿಕೆಯ ಬೆಳೆ ವಿಮೆಗೆ ಕಂತು ಕಟ್ಟುವ ಕೊನೆಯ ದಿನ ಕಳೆದುಹೋಗಿರುತ್ತದೆ. ಆಮೇಲೆ ಮಳೆ ಬಿಡದೆ ಸುರಿದು, ಕೊಳೆರೋಗ ತಗಲಿ ಎಳೆಗಾಯಿ ಉದುರಿದರೆ ಎರಡೆಕರೆ ತೋಟದವನ ಆ ವರ್ಷದ ಸಂಸಾರವೇ ಏರುಪೇರಾಗುತ್ತದೆ. ಸಂಘದ ಫಲಕದ ಮೇಲೆ ನೋಟೀಸು ಇದ್ದೇ ಇತ್ತು, ಕಾನೂನಿನ ಪ್ರಕಾರ ಎಲ್ಲವೂ ಸರಿಯಾಗಿತ್ತು. ಆದರೆ ನೋಟೀಸು ಹಚ್ಚುವುದು ಬೇರೆ, ಸುದ್ದಿ ಮನೆ ಮುಟ್ಟುವುದು ಬೇರೆ. ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಅರಿತು ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಂಡಿರುವ ಸಂಸ್ಥೆ ಒಂದಿದೆ. ಅದು ಕ್ರೈಸ್ತರ ಚರ್ಚು. ಅಲ್ಲಿನ ಕ್ರಮವನ್ನು ಧರ್ಮದ ವಿಷಯವಾಗಿ ಅಲ್ಲ, ಸಂಘಟನೆಯ ವಿಷಯವಾಗಿ ನೋಡೋಣ.

ಕಾಫಿ ಮಂಡಳಿಯ ಕೆಲಸಕ್ಕೋ ಆಸ್ಪತ್ರೆಗೋ ಬೆಂಗಳೂರಿಗೆ ಹೋಗುವ ನಮ್ಮವರು ಬಸ್ಸಿಳಿಯುವುದು ಮೆಜೆಸ್ಟಿಕ್‌ನಲ್ಲಿ. ಅಲ್ಲಿಂದ ದೂರವೇನೂ ಅಲ್ಲದ ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚು ಇದೆ. ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸರ ತಂದೆ, ಪಾದ್ರಿ ಬೆಂಜಮಿನ್ ಹೋಲ್ಟ್ ರೈಸರ ಹೆಸರು ಅದಕ್ಕಿದೆ. ಇನ್ನೂ ಮುಂದೆ ನಗರಪಾಲಿಕೆಯ ಕಟ್ಟಡದ ಹತ್ತಿರ, 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚು. ಕನ್ನಡ ಶಾಲೆಗಳಿಗಾಗಿ ದುಡಿದ ಜೋಸಯ್ಯ ಹಡ್ಸನ್ನರ ನೆನಪಿನದು, ಕನ್ನಡ ಸಭೆಯವರದು. ಚಾಮರಾಜಪೇಟೆಯಲ್ಲಿ ಕ್ಯಾಥೋಲಿಕರ ಸಂತ ಜೋಸೆಫರ ಚರ್ಚು ಇದೆ. ಇಂಥ ಚರ್ಚುಗಳ ಸದಸ್ಯರು ನಗರದ ನಾನಾ ಬಡಾವಣೆಗಳಲ್ಲಿ ಚದರಿ ವಾಸಿಸುವವರು. ಅವರಲ್ಲಿ ಓದಿದವರೂ ಉಂಟು, ಓದು ಬಾರದ ಮುದುಕರೂ ಉಂಟು. ನಮ್ಮ ಸದಸ್ಯರ ಸ್ಥಿತಿಯೂ ಹೆಚ್ಚುಕಡಿಮೆ ಇದೇ ಅಲ್ಲವೆ?

ಮೊದಲನೆಯದು, ನಿಶ್ಚಿತ ದಿನ ಮತ್ತು ನಿಶ್ಚಿತ ಹೊತ್ತು. ಕ್ಯಾಥೋಲಿಕರ ಭಾನುವಾರದ ಪೂಜೆಯಲ್ಲಿ ಪ್ರಕಟಣೆಗಳನ್ನು ಓದುವುದು ಕೊನೆಯ ಆಶೀರ್ವಾದಕ್ಕೆ ಸ್ವಲ್ಪ ಮುಂಚೆ. ಆಶೀರ್ವಾದ ಪಡೆಯದೆ ಯಾರೂ ಏಳುವುದಿಲ್ಲವಾದ್ದರಿಂದ ಪ್ರಕಟಣೆ ಎಲ್ಲರ ಕಿವಿಗೂ ಬೀಳುತ್ತದೆ. ಯಾರ ಮನೆಯಲ್ಲಿ ಸಾವಾಯಿತು, ಯಾವ ದಿನ ಸಭೆ, ಯಾವ ಕೆಲಸಕ್ಕೆ ಹಣ ಬೇಕು, ಎಲ್ಲವೂ ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಸುದ್ದಿ ಎಲ್ಲಿ, ಯಾವಾಗ ಸಿಗುತ್ತದೆಂದು ಸದಸ್ಯನಿಗೆ ಗೊತ್ತಿರುವುದೇ ಇದರ ಗುಟ್ಟು.

ಎರಡನೆಯದು, ಮತ್ತೆ ಮತ್ತೆ ಹೇಳುವುದು. ಮದುವೆ ನಿಶ್ಚಯವಾದರೆ ವಧೂವರರ ಹೆಸರನ್ನು ಮೂರು ಭಾನುವಾರ ಓದುವುದು ಹಳೆಯ ಪದ್ಧತಿ. ಆಕ್ಷೇಪಣೆ ಇರುವವರು ಮೊದಲೇ ತಿಳಿಸಲಿ ಎಂಬುದು ಅದರ ಉದ್ದೇಶ. ಒಂದು ವಾರ ಬಾರದವನು ಇನ್ನೊಂದು ವಾರ ಬಂದಾನು ಎಂಬ ವಿವೇಕ ಇದರಲ್ಲಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯೂ ಪರವಾನಗಿ ಪಡೆದ ಪಾದ್ರಿ ಚರ್ಚಿನಲ್ಲಿ ನಡೆಸುವ ಮದುವೆಯ ನೋಟೀಸನ್ನು ಎದ್ದು ಕಾಣುವ ಜಾಗದಲ್ಲಿ ಹಚ್ಚಬೇಕೆಂದು ವಿಧಿಸಿದೆ. ಹೀಗೆ ಓದುವುದೂ ಉಂಟು, ಹಚ್ಚುವುದೂ ಉಂಟು.

ಮೂರನೆಯದು, ಮನೆಗಳ ಗುಂಪಿಗೊಬ್ಬ ಹೊಣೆಗಾರ. ಮಂಗಳೂರು ಕಡೆಯ ಕೊಂಕಣಿ ಕ್ಯಾಥೋಲಿಕರು ಇಗರ್ಜಿಯ ವ್ಯಾಪ್ತಿಯನ್ನು ವಾಡೊಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬ ಗುರ್ಕಾರರನ್ನು ಇಟ್ಟುಕೊಂಡಿದ್ದಾರೆ. ಗುರಿಕಾರ ಎಂಬ ಹೆಸರು ಕರಾವಳಿಯ ಬೇರೆ ಸಮಾಜಗಳಲ್ಲೂ ಇರುವುದರಿಂದ ನಮಗೆ ಹೊಸದಲ್ಲ. ಪಾದ್ರಿಗಳ ಮಾತನ್ನು ಮನೆಗೆ ಒಯ್ಯುವುದು ಗುರ್ಕಾರರ ಕೆಲಸ. ಅದಕ್ಕಿಂತ ಮುಖ್ಯವಾದದ್ದು, ಮನೆಯ ಕಷ್ಟವನ್ನು ಪಾದ್ರಿಗಳಿಗೆ ಮುಟ್ಟಿಸುವುದು. ಹಾಸಿಗೆ ಹಿಡಿದವರು ಯಾರು, ದುಡಿಯುವವರಿಲ್ಲದ ಮನೆ ಯಾವುದು ಎಂಬುದು ಹೀಗೆಯೇ ತಿಳಿಯುತ್ತದೆ. ಸುದ್ದಿ ಹೋಗುವ ದಾರಿಯಲ್ಲೇ ಸುದ್ದಿ ಬರಲೂ ಬೇಕು.

ನಾಲ್ಕನೆಯದು, ಪುಸ್ತಕ. ದೀಕ್ಷಾಸ್ನಾನ ಮತ್ತು ಮದುವೆಗಳ ದಾಖಲೆಯನ್ನು ಪ್ರತಿ ಚರ್ಚಿನಲ್ಲೂ ಇಡತಕ್ಕದ್ದೆಂದು ಕ್ಯಾಥೋಲಿಕರ ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. ಸದಸ್ಯರು ಯಾರು ಯಾರೆಂಬ ಪಟ್ಟಿ ಸರಿಯಾಗಿದ್ದರೆ ಮಾತ್ರ ಸುದ್ದಿ ಯಾರಿಗೆ ಮುಟ್ಟಿಲ್ಲವೆಂದು ತಿಳಿದೀತು. ತೀರಿಹೋದ ಯಜಮಾನರ ಹೆಸರಿಗೇ ವರ್ಷಗಟ್ಟಲೆ ನೋಟೀಸು ಕಳಿಸುತ್ತಿದ್ದರೆ, ತೋಟ ನೋಡಿಕೊಳ್ಳುತ್ತಿರುವ ಅವರ ಹೆಂಡತಿಗೆ ಅದು ತಲಪುವುದು ಹೇಗೆ?

ಐದನೆಯದು, ಲೆಕ್ಕ. ಕ್ಯಾಥೋಲಿಕರ 1983ರ ಧರ್ಮಸಭಾ ಶಾಸನದಂತೆ ಪ್ರತಿ ಚರ್ಚಿಗೂ ಹಣಕಾಸು ಸಮಿತಿ ಇರತಕ್ಕದ್ದು, ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸತಕ್ಕದ್ದು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಚರ್ಚುಗಳಲ್ಲಿ ಸದಸ್ಯರೇ ಚುನಾಯಿಸಿದ ಸಮಿತಿ ಇರುತ್ತದೆ. ಒಳ್ಳೆಯ ಸುದ್ದಿಯನ್ನಷ್ಟೇ ಹೇಳಿ ಲೆಕ್ಕ ಹೇಳದಿದ್ದರೆ ಯಾವ ಸಂಸ್ಥೆಯ ಮಾತಿಗೂ ಬೆಲೆ ಉಳಿಯದು.

ಸುದ್ದಿ ಸದಸ್ಯರಿಗೆ ಮಾತ್ರವೆಂದೂ ಇಲ್ಲ. ಮೂರು ಹೊತ್ತಿನ ಪ್ರಾರ್ಥನೆಯ ಗಂಟೆ ಊರಿಗೆಲ್ಲ ಕೇಳುತ್ತದೆ. ಸಾವಿನ ಗಂಟೆಯ ನಿಧಾನದ ಬಡಿತ ಕೇಳಿದಾಗ ನೆರೆಯವರೂ ಯಾರ ಮನೆಯದೆಂದು ವಿಚಾರಿಸುತ್ತಾರೆ. ಚರ್ಚಿನ ಗೋಡೆಯಾಚೆಗೆ ಅಚ್ಚಿನ ಮೂಲಕ ಸುದ್ದಿ ಒಯ್ದವರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಮೊದಲಿಗರು. 1843ರ ಜುಲೈ 1ರಂದು ಅವರು ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಊರಿನ ವರ್ತಮಾನವೂ ಸರಕಾರದ ಕಾನೂನುಗಳೂ ಅದರಲ್ಲಿ ಇರುತ್ತಿದ್ದವು. ಮೈಸೂರಿನ ವೆಸ್ಲಿಯನ್ ಮಿಷನ್ನಿನವರು 1887ರಲ್ಲಿ ‘ವೃತ್ತಾಂತ ಪತ್ರಿಕೆ’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ವಾಟ್ಸಾಪ್ ಗುಂಪು ಮಾಡಿದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಚರ್ಚುಗಳೂ ಅದನ್ನು ಬಳಸುತ್ತವೆ, ಆದರೆ ಭಾನುವಾರದ ಪ್ರಕಟಣೆಯನ್ನು ನಿಲ್ಲಿಸಿಲ್ಲ. ಆಷಾಢದ ಮಳೆಯಲ್ಲಿ ನಮ್ಮ ಎಷ್ಟೋ ತೋಟಗಳಲ್ಲಿ ಮೂರು ನಾಲ್ಕು ದಿನ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ವಿಮೆಯ ಕಂತಿಗೂ ಬೋರ್ಡೋ ಸಿಂಪಡಣೆಗೂ ಅವಸರವಿರುವುದು ಮಳೆಗಾಲದ ಆ ದಿನಗಳಲ್ಲೇ. ಹೊಸ ಸಾಧನ ಹಳೆಯದಕ್ಕೆ ಜೊತೆಯಾಗಲಿ, ಬದಲಾಗುವುದು ಬೇಡ.

ಇದರಿಂದ ನಾವು ತೆಗೆದುಕೊಳ್ಳಬಹುದಾದ ಕ್ರಮಗಳು ಸರಳವಾದವು. ಸಂತೆಯ ದಿನ ಗೊತ್ತಾದ ಹೊತ್ತಿಗೆ ಸಂಘದ ಜಗಲಿಯಲ್ಲಿ ಆ ವಾರದ ಪ್ರಕಟಣೆಗಳನ್ನು ಗಟ್ಟಿಯಾಗಿ ಓದುವುದು. ಹಣ ಅಥವಾ ಕೊನೆಯ ದಿನಾಂಕದ ವಿಷಯವಾದರೆ ಮೂರು ವಾರ ಓದುವುದು. ಇಪ್ಪತ್ತು ಮನೆಗೊಬ್ಬ ಸದಸ್ಯರನ್ನು ಗುರುತಿಸಿ, ಅವರು ಹೇಳಿಬಂದ ಮನೆಗಳಿಗೆ ಪಟ್ಟಿಯಲ್ಲಿ ಗುರುತು ಹಾಕುವುದು. ಗುರುತಿಲ್ಲದ ಮನೆಗೆ ಗುಮಾಸ್ತರೇ ಹೋಗಿಬರುವುದು. ವರ್ಷಕ್ಕೊಮ್ಮೆ ಸದಸ್ಯರ ಪಟ್ಟಿಯನ್ನು ತಿದ್ದುವುದು. ಮಹಾಸಭೆಯಲ್ಲಿ ಜಮಾಖರ್ಚನ್ನು ಅಚ್ಚುಹಾಕಿ ಹಂಚುವುದಲ್ಲದೆ, ಆಡುಮಾತಿನಲ್ಲಿ ಬಿಡಿಸಿ ಹೇಳುವುದು. ಇವುಗಳಲ್ಲಿ ಯಾವುದಕ್ಕೂ ಹೇಳಿಕೊಳ್ಳುವಂಥ ಖರ್ಚಿಲ್ಲ, ಶಿಸ್ತು ಮಾತ್ರ ಬೇಕು.

ತಮ್ಮ ಕೇರಿಯ ಇಪ್ಪತ್ತು ಮನೆಗಳ ಹೊಣೆ ಹೊರಲು ಒಪ್ಪುವವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ಕೋರುತ್ತೇವೆ. ಈ ಸಂಚಿಕೆಯನ್ನು ಓದಿ ಮುಗಿಸಿದವರು ದಯವಿಟ್ಟು ಪಕ್ಕದ ಮನೆಗೆ ಕೊಡಿ. ಅಲ್ಲಿ ಓದುವವರಿಲ್ಲದಿದ್ದರೆ, ಓದಿ ಹೇಳಿ.