ಡೇರಿಯಲ್ಲಿ ಇಳಿದ ಡಿಗ್ರಿ

“ಇವತ್ತು ಡಿಗ್ರಿ ಬಂದಿಲ್ಲ ಕಣಕ್ಕಾ” ಎಂದು ಡೇರಿ ಕಾರ್ಯದರ್ಶಿ ಹೇಳಿದರೆ ಮಂಡ್ಯ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ: ಹಾಲಿಗೆ ನೀರು ಬಿದ್ದಿದೆ ಎಂದರ್ಥ. ಅಮ್ಮನ ಉತ್ತರವೂ ಸಿದ್ಧವಿರುತ್ತಿತ್ತು. “ನೀರ್ ಹಾಕಿಲ್ಲ ಕಣಣ್ಣ, ಕರೆದಿದ್ನ ಹಂಗೇ ತಂದಿವ್ನಿ.” ನಮ್ಮ ಮನೆ ಡೇರಿಯ ಪಕ್ಕದಲ್ಲೇ ಇದೆ. ಕರೆದ ಬಿಸಿ ಆರುವ ಮೊದಲೇ ಹಾಲು ಅಲ್ಲಿರುತ್ತದೆ. ದೂರದ ತೋಟದ ಮನೆಯವರು ‘ಡಿಗ್ರಿ ಬಂದಿಲ್ಲ’ ಎಂಬ ಮಾತನ್ನು ಅಷ್ಟಾಗಿ ಕೇಳಬೇಕಾಗುತ್ತಿರಲಿಲ್ಲ. ಅದಕ್ಕೆ ಅಮ್ಮ ಕೊಡುತ್ತಿದ್ದ ಕಾರಣ ಊರ ರಾಜಕೀಯದ್ದು, ಇಲ್ಲಿ ಬೇಡ.

ಬಿಎಸ್ಸಿಯ ಮೊದಲ ಸೆಮಿಸ್ಟರ್‌ನಲ್ಲಿ ದ್ರವಗಳ ಸಾಂದ್ರತೆಯ ಪ್ರಾಕ್ಟಿಕಲ್ ಬಂತು. ಹೈಡ್ರೋಮೀಟರ್ ತೇಲಿಬಿಟ್ಟು ಅಂಕಿ ಬರೆದುಕೊಳ್ಳುವ ಕೆಲಸ. ರೆಕಾರ್ಡ್ ಬುಕ್ಕಿನಲ್ಲಿ ‘ನಿಗದಿತ ಉಷ್ಣತೆಯಲ್ಲಿ’ ಎಂಬ ಮಾತನ್ನು ಎಲ್ಲರೂ ಅರ್ಥ ನೋಡದೆ ನಕಲು ಮಾಡುತ್ತೇವೆ. ನಮ್ಮ ಮನೆಯ ದುಡ್ಡು ಸೋರುತ್ತಿದ್ದದ್ದು ಆ ಎರಡು ಪದಗಳಲ್ಲೇ.

ಡೇರಿಯ ಲ್ಯಾಕ್ಟೋಮೀಟರ್ ಕೂಡ ಹೈಡ್ರೋಮೀಟರೇ. ಅದರ ಅಂಕಿಗೇ ಡೇರಿಯಲ್ಲಿ ‘ಡಿಗ್ರಿ’ ಎನ್ನುವುದು; 28 ಎಂದರೆ ಸಾಪೇಕ್ಷ ಸಾಂದ್ರತೆ 1.028. ಆದರೆ ಅದರ ಗೀಟುಗಳನ್ನು ಹಾಕಿರುವುದು ಒಂದು ನಿರ್ದಿಷ್ಟ ಉಷ್ಣತೆಗೆ, ನಮ್ಮಲ್ಲಿ ಹೆಚ್ಚಾಗಿ 27 ಡಿಗ್ರಿ ಸೆಲ್ಸಿಯಸ್‌ಗೆ. ಕೆಚ್ಚಲಿನಿಂದ ಬರುವ ಹಾಲು 38ರ ಆಸುಪಾಸಿನಲ್ಲಿರುತ್ತದೆ. ಬಿಸಿ ಹಾಲು ಹಿಗ್ಗಿ ಹಗುರಾಗಿರುತ್ತದೆ, ಕೊಳವೆ ಇನ್ನಷ್ಟು ಮುಳುಗುತ್ತದೆ, ಒಂದು ತೊಟ್ಟು ನೀರು ಬೆರೆಸದಿದ್ದರೂ ಅಂಕಿ ಎರಡಷ್ಟಾದರೂ ಇಳಿಯುತ್ತದೆ. ಕರೆಯುವಾಗ ಸೇರಿದ ಗಾಳಿಗುಳ್ಳೆಗಳದ್ದೂ ಒಂದು ಪಾಲು. ಸಾಲದ್ದಕ್ಕೆ, ಹಾಲು ಕರೆದ ಮೇಲೆ ಕೆಲವು ಗಂಟೆಗಳಲ್ಲಿ ತಾನಾಗಿಯೇ ತುಸು ಸಾಂದ್ರವಾಗುತ್ತದೆ. ಇದಕ್ಕೆ ರೆಕ್‌ನಾಗೆಲ್ ಪರಿಣಾಮ ಎಂದು ಹೆಸರು.

ಎರಡು ಅಂಕಿ ಇಳಿದರೆ ಏನಾಯಿತು ಎನ್ನಬಹುದು. ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಲೆಕ್ಕಕ್ಕೆ ಲ್ಯಾಕ್ಟೋಮೀಟರ್ ಅಂಕಿಯ ಕಾಲುಭಾಗ, ಫ್ಯಾಟ್‌ನ ಐದನೇ ಒಂದು ಭಾಗ, ಮೇಲೊಂದು ಸ್ಥಿರಾಂಕ ಕೂಡಿಸುತ್ತಾರೆ. ಅಂದರೆ ಎರಡು ಅಂಕಿಗೆ ಎಸ್‌ಎನ್‌ಎಫ್ ಅರ್ಧ ಇಳಿದು, 8.5 ಇದ್ದದ್ದು 8 ಆಗುತ್ತದೆ. ರೇಟು ನಿಂತಿರುವುದು ಈ ಅಂಕಿಯ ಮೇಲೂ.

ಹಾಗೆಂದು ಕಾರ್ಯದರ್ಶಿಯ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಕೆನೆ ತೆಗೆದರೆ ಅಂಕಿ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡನ್ನೂ ಹದವಾಗಿ ಮಾಡಿದವರ ಹಾಲು ಕೊಳವೆಯ ಕಣ್ಣಿಗೆ ಅಪ್ಪಟ! ಫ್ಯಾಟ್ ಪರೀಕ್ಷೆ ಜೊತೆಗಿರುವುದು ಅದಕ್ಕೇ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. “ಹಂಗಾದ್ರೆ ಆರಿಸ್ಕೊಂಡು ಹೋಗನಾ?” ಎಂದರು. ಆರಿಸುತ್ತ ಕೂತರೆ ಡೇರಿ ಬಾಗಿಲು ಹಾಕಿರುತ್ತದೆ. ಉಷ್ಣತೆಗೆ ತಕ್ಕಂತೆ ಅಂಕಿ ಸರಿಪಡಿಸುವ ಪಟ್ಟಿ ಇದೆಯಲ್ಲ ಎಂದು ಕಾರ್ಯದರ್ಶಿಯನ್ನೇ ಕೇಳಿದೆ. “ಅದೆ ಕಣಪ್ಪ, ಕ್ಯೂ ನೋಡು” ಎಂದರು. ನಮ್ಮ ಲ್ಯಾಬಿನಲ್ಲಿ ಒಂದು ಸಾಂದ್ರತೆ ಅಳೆಯಲು ಇಡೀ ಮಧ್ಯಾಹ್ನ ಕೊಡುತ್ತಾರೆ. ಇಲ್ಲಿ ಒಬ್ಬೊಬ್ಬರಿಗೆ ಅರ್ಧ ನಿಮಿಷವೂ ಸಿಗದು, ಹಿಂದೆ ಹಾಲಿನ ಲಾರಿ ಹಾರ್ನ್ ಹೊಡೆಯುತ್ತಿರುತ್ತದೆ. ಈಗ ಥರ್ಮಾಮೀಟರ್ ನಾನೇ ಒಯ್ಯುತ್ತೇನೆ. ಅವರು ಬೇಡ ಎಂದಿಲ್ಲ.